ಸಣ್ಣ ಊರಿನ ಮೋಟೆಲಿನಲ್ಲಿ ಒಂದಿರುಳು

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದುಬರುವ ನಮ್ಮ ಕಡೆಯ ತಂದೆತಾಯಿಗಳಿಗೆ ಆ ದೇಶದ ಮಹಾನಗರಗಳ ಪರಿಚಯವು ಬಲುಬೇಗ ಆಗಿಬಿಡುತ್ತದೆ. ಆದರೆ ಅಲ್ಲಿನ ಸಣ್ಣ ಊರುಗಳು ಅವರ ಕಣ್ಣಿಗೆ ಬೀಳುವುದು, ಮಗನೋ ಮಗಳೋ ರಜೆ ಪಡೆದು, ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ದೂರದ ಪ್ರಯಾಣಕ್ಕೆ ಹೊರಟು, ಕತ್ತಲಾಗುವ ಹೊತ್ತಿಗೆ ಎಲ್ಲಿಯಾದರೂ ತಂಗಲೇಬೇಕಾದ ಸಂದರ್ಭ ಒದಗಿದಾಗ. ಟೆಕ್ಸಸ್ ರಾಜ್ಯದ ಡಲ್ಲಾಸಿನಿಂದ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಕಂದರಕ್ಕೆ 1,000 ಮೈಲಿಗೂ ಮೀರಿದ ಹಾದಿ. ಆ ಹಾದಿಯ ನಡುವೆ ನ್ಯೂ ಮೆಕ್ಸಿಕೋದ ಟುಕುಮ್ಕಾರಿಯೋ, ಗ್ಯಾಲಪ್ಪೋ, ಅರಿಜೋನಾದ ಹಾಲ್‌ಬ್ರುಕ್ಕೋ, ಇಂಥ ಒಂದು ಊರಿನಲ್ಲಿ ಒಂದು ರಾತ್ರಿಯನ್ನಾದರೂ ಕಳೆಯದೆ ಗತ್ಯಂತರವಿಲ್ಲ. ಆ ರಾತ್ರಿಗೆ ಅಲ್ಪವ್ಯಯದಲ್ಲಿ ನಿರ್ಮಲವಾದ, ನಿರ್ಭಯವಾದ ಒಂದು ಕೊಠಡಿಯನ್ನು ಹುಡುಕಿಕೊಳ್ಳುವ ಬಗೆಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಮೋಟೆಲು ಅಗ್ಗವಾಗಿರುವುದಕ್ಕೂ, ಕೆಲವೊಮ್ಮೆ ಕೆಟ್ಟದಾಗಿರುವುದಕ್ಕೂ ಕಾರಣವು ಅದರ ಚರಿತ್ರೆಯಲ್ಲಿಯೇ ಅಡಗಿದೆಯೆಂದೂ, ಆ ಚರಿತ್ರೆಯನ್ನು ತಕ್ಕಮಟ್ಟಿಗೆ ಬಲ್ಲವರಿಗೆ ಒಳ್ಳೆಯದನ್ನು ಆರಿಸಿಕೊಳ್ಳುವುದು ಸುಲಭವೆಂದೂ ನನ್ನ ದೃಢವಾದ ನಂಬಿಕೆ.

ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಅಮೆರಿಕದ ಸಾಮಾನ್ಯ ಗೃಹಸ್ಥನ ಕೈಗೆ ಮೋಟಾರು ಬಂದಾಗ, ಅವನು ಪತ್ನೀಪುತ್ರಸಮೇತನಾಗಿ, ಡೇರೆಯನ್ನೂ ಪಾತ್ರೆಗಳನ್ನೂ ಗಾಡಿಗೆ ಕಟ್ಟಿಕೊಂಡು, ಸಂಜೆಯಾದ ಕಡೆ ಬಿಡಾರ ಮಾಡುತ್ತ ದೇಶಸಂಚಾರಕ್ಕೆ ಹೊರಟನು. ರೈಲು ನಿಲ್ದಾಣದ ಪಕ್ಕದ ಹೋಟೆಲುಗಳು ಅವನಿಗೆ ಒಗ್ಗಲಿಲ್ಲ. ಧೂಳು ಮೆತ್ತಿದ ಉಡುಪಿನಲ್ಲಿ ಅವುಗಳ ವಿಶಾಲವಾದ ಹಜಾರವನ್ನು ದಾಟಿಹೋಗಲು ಸಂಕೋಚ, ಗಾಡಿಯನ್ನು ಎಲ್ಲಿ ಬಿಡುವುದೆಂಬ ಚಿಂತೆ, ಸಾಮಾನು ಹೊರುವವನಿಗೆ ಕೊಡಬೇಕಾದ ಭಕ್ಷೀಸಿನ ಭಾರ. ಊರಿಗೆ ವ್ಯಾಪಾರವಾಗಲೆಂದು ಅನೇಕ ಪುರಸಭೆಗಳು ಮೊದಮೊದಲು ಇಂಥ ಪ್ರವಾಸಿಗಳಿಗಾಗಿ ಪುಕ್ಕಟೆಯ ಬಯಲುಗಳನ್ನು ಬಿಟ್ಟುಕೊಟ್ಟವು. ಆಮೇಲೆ ಅಲ್ಪ ಶುಲ್ಕ ಬಂತು. ಶುಲ್ಕ ಕೊಡುವವನಿಗೆ ಡೇರೆಯ ಬದಲು ಮರದ ಪುಟ್ಟ ಗುಡಿಸಲು ಬಂತು. ಗುಡಿಸಲಿಗೆ ಹಾಸಿಗೆ, ನೀರು, ದೀಪ ಒಂದೊಂದಾಗಿ ಕೂಡಿಕೊಂಡವು. 1925ರ ಡಿಸೆಂಬರಿನಲ್ಲಿ ಆರ್ಥರ್ ಹೈನ್ಮನ್ ಎಂಬ ವಾಸ್ತುಶಿಲ್ಪಿಯು ಲಾಸ್ ಏಂಜಲಿಸ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುದಾರಿಯಲ್ಲಿರುವ ಸ್ಯಾನ್ ಲೂಯಿಸ್ ಒಬಿಸ್ಪೋ ಎಂಬ ಊರಿನಲ್ಲಿ ಒಂದು ವಸತಿಯನ್ನು ತೆರೆದು, ಮೋಟೆಲ್ ಎಂಬ ಹೆಸರನ್ನು ಅದರ ಫಲಕದ ಮೇಲೆ ಬರೆಸಿದನು.

ಆಮೇಲೆ ಎಲ್ಲೆಡೆ ಹಬ್ಬಿದ ಮೋಟೆಲುಗಳ ಕಟ್ಟಡದ ರೀತಿಯನ್ನು ಇಲ್ಲಿ ಕೊಂಚ ಗಮನಿಸಬೇಕು. ಒಂದೇ ಸಾಲಿನಲ್ಲಿ, ಅಥವಾ ಅಂಗಳವನ್ನು ಮೂರು ಕಡೆ ಸುತ್ತುವರಿದಂತೆ, ಒಂದು ಅಂತಸ್ತಿನ ಕೊಠಡಿಗಳು. ಪ್ರತಿಯೊಂದು ಕೊಠಡಿಯ ಬಾಗಿಲೂ ನೇರವಾಗಿ ಹೊರಕ್ಕೆ. ಬಾಗಿಲಿನ ಮುಂದೆಯೇ ಗಾಡಿ. ಹಜಾರವಿಲ್ಲ, ಒಳಗಿನ ಓಣಿಗಳಿಲ್ಲ, ಲಿಫ್ಟ್ ಇಲ್ಲ, ಊಟದ ಮನೆಯಿಲ್ಲ, ಸಾಮಾನು ಹೊರುವ ಆಳುಗಳಿಲ್ಲ. ಒಂದು ತುದಿಯಲ್ಲಿ ಸಣ್ಣದೊಂದು ಕಛೇರಿ, ಅದರ ಹಿಂದೆಯೇ ಯಜಮಾನನ ಸಂಸಾರ. ಕಾಸು ಉಳಿದದ್ದು ಇಲ್ಲಿ. ಆದಕಾರಣ ಇಂದಿಗೂ, ಬಾಗಿಲುಗಳು ಹೊರಕ್ಕೆ ತೆರೆಯುವ, ಒಂದೋ ಎರಡೋ ಅಂತಸ್ತಿನ ಹಳೆಯ ಕಟ್ಟಡವನ್ನು ಕಂಡರೆ, ಒಳಗೆ ಓಣಿಗಳನ್ನಿಟ್ಟು ಕಟ್ಟಿದ ನಾಲ್ಕಂತಸ್ತಿನ ಹೊಸ ಹೋಟೆಲಿಗಿಂತ ಅಲ್ಲಿ ಬಾಡಿಗೆ ಕಡಮೆಯಿರುತ್ತದೆಂದು ಬಹುಮಟ್ಟಿಗೆ ಊಹಿಸಬಹುದು. ವೃದ್ಧರಿಗೆ ಈ ಹಳೆಯ ರೀತಿಯಲ್ಲಿ ಇನ್ನೂ ಒಂದು ಅನುಕೂಲವುಂಟು: ನೆಲದ ಅಂತಸ್ತಿನ ಕೊಠಡಿ ಕೇಳಿ ಪಡೆದರೆ ಕಾರಿನಿಂದ ಇಳಿದು ನಾಲ್ಕು ಹೆಜ್ಜೆಗೆ ಹಾಸಿಗೆ ಸಿಕ್ಕುತ್ತದೆ, ಮೆಟ್ಟಿಲಿನ ಮಾತೇ ಇಲ್ಲ.

ಎಲ್ಲಿ ಹುಡುಕಬೇಕೆಂಬುದು ಮುಂದಿನ ಪ್ರಶ್ನೆ. ಷಿಕಾಗೋವಿನಿಂದ ಪಶ್ಚಿಮ ಸಮುದ್ರದವರೆಗೆ ಹಾದುಹೋಗುತ್ತಿದ್ದ, 1926ರಲ್ಲಿ ಅಂಕಿತಗೊಂಡ 66ನೆಯ ಸಂಖ್ಯೆಯ ಹೆದ್ದಾರಿಯು ಪ್ರತಿಯೊಂದು ಊರಿನ ಮುಖ್ಯಬೀದಿಯ ಮೂಲಕವೇ ಸಾಗುತ್ತಿದ್ದುದರಿಂದ, ಮೋಟೆಲುಗಳೆಲ್ಲ ಆ ಬೀದಿಯ ಎರಡೂ ಬದಿಗಳಲ್ಲಿ ಬಣ್ಣಬಣ್ಣದ ನಿಯಾನ್ ದೀಪಗಳನ್ನು ಹೊತ್ತಿಸಿಕೊಂಡು ನಿಂತಿದ್ದವು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ ಕಾನೂನಿನಂತೆ 41,000 ಮೈಲಿಗಳಷ್ಟು ಇಂಟರ್‌ಸ್ಟೇಟ್ ಮಾರ್ಗಗಳನ್ನು ಕಟ್ಟಲು ಆರಂಭವಾಯಿತು. ವೆಚ್ಚದ ನೂರಕ್ಕೆ 90 ಭಾಗವನ್ನು ಕೇಂದ್ರವೇ ಭರಿಸಿತು. ಹೊಸ ಮಾರ್ಗವು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗಿತು. ವಾಹನಗಳು ಮುಖ್ಯಬೀದಿಗೆ ಬರುವುದನ್ನು ನಿಲ್ಲಿಸಿದವು. ದೊಡ್ಡ ಸಂಸ್ಥೆಗಳು ಇಂಟರ್‌ಸ್ಟೇಟಿನ ಎಕ್ಸಿಟ್ ಬಳಿ ಹೊಸ ಕಟ್ಟಡಗಳನ್ನೆಬ್ಬಿಸಿದವು. ಹಳೆಯ ಬೀದಿಯ ಮೋಟೆಲುಗಳಲ್ಲಿ ಎಷ್ಟೋ ಹಾಳುಬಿದ್ದವು, ಉಳಿದವು ಬಾಡಿಗೆಯನ್ನಿಳಿಸಿ ಜೀವ ಹಿಡಿದವು. 66ನೆಯ ಹೆದ್ದಾರಿಯನ್ನೇ 1985ರಲ್ಲಿ ರಾಷ್ಟ್ರೀಯ ಪಟ್ಟಿಯಿಂದ ತೆಗೆದುಹಾಕಲಾಯಿತು. ಹೀಗಾಗಿ ಇಂದು ಒಂದೊಂದು ಸಣ್ಣ ಊರಿಗೂ ಎರಡು ವಸತಿಸಾಲುಗಳಿವೆ: ಎಕ್ಸಿಟ್ ಬಳಿಯದೊಂದು, ಊರೊಳಗಿನದೊಂದು. ಫಲಕದ ಮೇಲೆ ‘ಬಿಸಿನೆಸ್ ಲೂಪ್’ ಎಂದು ಬರೆದಿರುವ ರಸ್ತೆಯನ್ನು ಹಿಡಿದು ಒಂದೆರಡು ಮೈಲಿ ಒಳಕ್ಕೆ ಹೋದವರಿಗೆ ಆ ಎರಡನೆಯ ಸಾಲು ಸಿಕ್ಕುತ್ತದೆ. ಎಕ್ಸಿಟ್ ಬಳಿ 110 ಡಾಲರು ಕೇಳುವ ರಾತ್ರಿಯಲ್ಲೇ ಇಲ್ಲಿ 65ಕ್ಕೋ 70ಕ್ಕೋ ಕೊಠಡಿ ದೊರೆಯುವುದು ಅಪರೂಪವಲ್ಲ.

ಟುಕುಮ್ಕಾರಿ ಇದಕ್ಕೆ ಉತ್ತಮ ನಿದರ್ಶನ. ಒಂದಾನೊಂದು ಕಾಲದಲ್ಲಿ, ನೂರಾರು ಮೈಲಿ ದೂರದಿಂದಲೇ, ಈ ರಾತ್ರಿ ಟುಕುಮ್ಕಾರಿಯಲ್ಲಿ ತಂಗಿರೆಂದೂ ಇಲ್ಲಿ 2,000 ಕೊಠಡಿಗಳಿವೆಯೆಂದೂ ದಾರಿಬದಿಯ ದೊಡ್ಡ ಫಲಕಗಳು ಸಾರುತ್ತಿದ್ದ ಊರು ಅದು. ಅಲ್ಲಿನ ‘ಬ್ಲೂ ಸ್ವಾಲೋ’ ಎಂಬ ಮೋಟೆಲಿನ ಕಟ್ಟಡವನ್ನು 1939ರಲ್ಲಿ ಕಟ್ಟಲಾರಂಭಿಸಿದರು. ಕೊಠಡಿಗಳ ನಡುನಡುವೆ ಒಂದೊಂದು ಕಾರು ಹಿಡಿಸುವಷ್ಟು ಗ್ಯಾರೇಜುಗಳಿರುವುದು ಅದರ ವಿಶೇಷ. 1958ರಿಂದ ನಾಲ್ಕು ದಶಕಗಳ ಕಾಲ ಅದನ್ನು ನಡೆಸಿದ ಲಿಲಿಯನ್ ರೆಡ್ಮನ್ ಎಂಬ ಮಹಿಳೆಯೂ ಆಕೆಯ ಪತಿಯೂ, ಕೈಯಲ್ಲಿ ಹಣವಿಲ್ಲದೆ ಬಂದ ಪ್ರವಾಸಿಯಿಂದ ಅವನ ಬಳಿಯಿದ್ದ ಯಾವುದಾದರೂ ಪದಾರ್ಥವನ್ನು ಬದಲಾಗಿ ತೆಗೆದುಕೊಂಡೋ, ಏನನ್ನೂ ತೆಗೆದುಕೊಳ್ಳದೆಯೋ ಕೊಠಡಿಯನ್ನು ಕೊಡುತ್ತಿದ್ದರಂತೆ. ಬಾಡಿಗೆಯೇ ಬದುಕಾಗಿರುವವರು ಬಾಡಿಗೆಯನ್ನು ಬಿಟ್ಟುಕೊಡುವುದೆಂದರೆ ಸಾಮಾನ್ಯವಾದ ಔದಾರ್ಯವಲ್ಲ. ನಮ್ಮ ನಾಡಿನಲ್ಲಿ ಛತ್ರಗಳನ್ನು ಕಟ್ಟಿಸಿದ ಪುಣ್ಯವಂತರ ಜತೆಯಲ್ಲಿ ಆ ತಾಯಿಯ ಹೆಸರನ್ನೂ ನೆನೆಯಬೇಕೆಂದು ನನಗೆ ತೋರುತ್ತದೆ.

ದೊಡ್ಡ ಸಂಸ್ಥೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕೆಮನ್ಸ್ ವಿಲ್ಸನ್ ಎಂಬ ಮೆಂಫಿಸ್ ನಗರದ ವ್ಯಾಪಾರಿಯು 1951ರಲ್ಲಿ ಸಕುಟುಂಬನಾಗಿ ಪ್ರವಾಸ ಹೊರಟು, ತನ್ನ ಐದು ಮಕ್ಕಳಿಗೂ ಮೋಟೆಲಿನವರು ತಲೆಗಿಷ್ಟೆಂದು ಹೆಚ್ಚಿನ ಹಣ ಕೇಳಿದ್ದರಿಂದ ಬೇಸತ್ತು, ಮರುವರ್ಷವೇ ಮಕ್ಕಳಿಗೆ ಬಾಡಿಗೆಯಿಲ್ಲದ ‘ಹಾಲಿಡೇ ಇನ್’ ಅನ್ನು ತೆರೆದನು. 1962ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಲ್ಲಿ ರಾತ್ರಿಗೆ 6 ಡಾಲರಿನ ‘ಮೋಟೆಲ್ 6’, 1974ರಲ್ಲಿ ದಕ್ಷಿಣ ಡಕೋಟಾದ ಆಬರ್ಡೀನಿನಲ್ಲಿ 8 ಡಾಲರು 88 ಸೆಂಟಿನ ‘ಸೂಪರ್ 8’ ಹುಟ್ಟಿಕೊಂಡವು. ಬೆಲೆ ಎಂದೋ ಏರಿತು, ಹೆಸರು ಮಾತ್ರ ನಿಂತಿದೆ. ಆ ಮೋಟೆಲ್ 6 ಈಗ ಭಾರತದ ಓಯೋ ಸಂಸ್ಥೆಯ ಸ್ವತ್ತು, 2024ರಲ್ಲಿ 52.5 ಕೋಟಿ ಡಾಲರಿಗೆ ಅದು ಕೈಬದಲಾಯಿತು. ಇಂಥ ಸಂಸ್ಥೆಗಳ ಗುಣವೆಂದರೆ ಏಕರೂಪತೆ: ಒಂದನ್ನು ಕಂಡವರು ಮತ್ತೊಂದನ್ನೂ ಸುಮಾರಾಗಿ ಕಂಡಂತೆ. ನಡುರಾತ್ರಿಯಲ್ಲಿ ಬಂದಿಳಿದು, ಆಯ್ದು ನೋಡುವ ತ್ರಾಣವಿಲ್ಲದವರಿಗೆ ಅದೇ ಕ್ಷೇಮ. ಹೊತ್ತಿರುವಾಗಲೇ ಊರು ಸೇರಿದವರು ಮಾತ್ರ ಹಳೆಯ ಬೀದಿಯನ್ನೊಮ್ಮೆ ಸುತ್ತದೆ ಇರಕೂಡದು.

ಈ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ಮೋಟೆಲಿನ ಕಥೆಯನ್ನು ಹೇಳುವುದು ಅನ್ಯಾಯ. ಬಿಳಿಯರಲ್ಲದವರಿಗೆ ಎಷ್ಟೋ ಊರುಗಳಲ್ಲಿ ಕೊಠಡಿ ಸಿಕ್ಕುತ್ತಿರಲಿಲ್ಲ. ಕತ್ತಲಾದ ಮೇಲೆ ಊರೊಳಗೆ ಕಾಣಿಸಿಕೊಳ್ಳುವುದೇ ಅಪಾಯವಾಗಿದ್ದ ಸ್ಥಳಗಳೂ ಇದ್ದವು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ವಾಸವಾಗಿದ್ದ, ಅಂಚೆಯವನಾಗಿ ದುಡಿಯುತ್ತಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಕಪ್ಪುಜನಾಂಗದ ಸಜ್ಜನನು 1936ರಲ್ಲಿ, ತನ್ನವರಿಗೆ ಊಟವನ್ನೂ ಹಾಸಿಗೆಯನ್ನೂ ಅಪಮಾನವಿಲ್ಲದೆ ಕೊಡುವ ಮನೆಗಳ ಪಟ್ಟಿಯನ್ನು ಅಚ್ಚುಮಾಡಿಸಿ ಹಂಚತೊಡಗಿದನು; ‘ಗ್ರೀನ್ ಬುಕ್’ ಎಂದು ಹೆಸರಾದ ಆ ಕೈಪಿಡಿಯು ಮೂವತ್ತು ವರ್ಷಗಳ ಕಾಲ ಸಹಸ್ರಾರು ಸಂಸಾರಗಳ ಕಾರುಗಳಲ್ಲಿ ಸಂಚರಿಸಿತು. ಅದರಲ್ಲಿ ಹೆಸರಿದ್ದ ಮೆಂಫಿಸ್ಸಿನ ಲೊರೇನ್ ಮೋಟೆಲಿನ 306ನೆಯ ಕೊಠಡಿಯ ಮುಂದಿನ ಮೊಗಸಾಲೆಯಲ್ಲಿಯೇ, 1968ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗರು ಗುಂಡಿಗೆ ಬಲಿಯಾದದ್ದು. ಅದಕ್ಕೆ ನಾಲ್ಕು ವರ್ಷ ಮುಂಚೆ, ನಾಗರಿಕ ಹಕ್ಕುಗಳ ಕಾನೂನನ್ನು ಧಿಕ್ಕರಿಸಿ ಕಪ್ಪು ಜನರಿಗೆ ಕೊಠಡಿ ಕೊಡಲೊಲ್ಲೆನೆಂದು ಅಟ್ಲಾಂಟಾದ ಒಂದು ಮೋಟೆಲಿನ ಒಡೆಯನು ಹೂಡಿದ್ದ ಮೊಕದ್ದಮೆಯಲ್ಲಿ, ದೇಶದ ಸರ್ವೋಚ್ಚ ನ್ಯಾಯಾಲಯವು ಅವನ ವಾದವನ್ನು ತಳ್ಳಿಹಾಕಿತ್ತು. ನಮ್ಮ ಮೈಬಣ್ಣದವರು ಇಂದು ಯಾವ ಊರಿನ ಕೌಂಟರಿಗಾದರೂ ನಿಸ್ಸಂಕೋಚವಾಗಿ ಹೋಗಿ ಕೊಠಡಿ ಕೇಳುತ್ತೇವಲ್ಲ, ಆ ಅಧಿಕಾರವನ್ನು ನಮಗೂ ಗಳಿಸಿಕೊಟ್ಟವರು ಆ ಕಪ್ಪು ಜನರೇ.

ಆ ಕೌಂಟರಿನ ಹಿಂದೆ ನಿಂತಿರುವವರು ಈಗ ಬಹಳ ಕಡೆ ಭಾರತೀಯರೇ. ಸೂರತ್, ನವಸಾರಿ, ಬಾರ್ಡೋಲಿಗಳ ಕಡೆಯಿಂದ ವಲಸೆಹೋದ ಗುಜರಾತಿಗಳು, ಅದರಲ್ಲೂ ಪಟೇಲರು, 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಈ ಉದ್ಯಮವನ್ನು ಹಿಡಿದರು. 1972ರಲ್ಲಿ ಉಗಾಂಡಾದಿಂದ ಹೊರದೂಡಲ್ಪಟ್ಟವರಲ್ಲಿ ಕೆಲವರೂ ಅವರನ್ನು ಕೂಡಿಕೊಂಡರು. ಇಂಟರ್‌ಸ್ಟೇಟ್ ಬಂದು ಬೆಲೆ ಕುಸಿದಿದ್ದ ಹಳೆಯ ಮೋಟೆಲುಗಳನ್ನು, ಬಂಧುಬಳಗದಿಂದ ಬಾಯಿಮಾತಿನ ಮೇಲೆ ಸಾಲ ತಂದು ಕೊಂಡರು. ಮನೆ ಹಿಂದೆಯೇ ಇದ್ದುದರಿಂದ ಬೇರೆ ಬಾಡಿಗೆಯಿಲ್ಲ. ಗಂಡ ಕೊಳಾಯಿ ರಿಪೇರಿ ಮಾಡಿದರೆ ಹೆಂಡತಿ ಹಾಸಿಗೆ ಹೊದಿಕೆ ಬದಲಾಯಿಸಿದಳು, ಶಾಲೆಯಿಂದ ಬಂದ ಮಕ್ಕಳು ಕೌಂಟರಿನಲ್ಲಿ ಕುಳಿತು ಪಾಠ ಓದಿಕೊಂಡರು. ವಿಮಾ ಕಂಪನಿಗಳು ಅವರಿಗೆ ವಿಮೆ ನಿರಾಕರಿಸಿದವು. ನೆರೆಯ ಮೋಟೆಲುಗಳು ‘ಅಮೆರಿಕನ್ನರ ಒಡೆತನ’ ಎಂಬ ಫಲಕಗಳನ್ನು ತೂಗುಹಾಕಿ ಗಿರಾಕಿಗಳನ್ನು ಸೆಳೆದವು. ಆ ಕಷ್ಟದಿಂದ ಹುಟ್ಟಿದ ಸಂಘಗಳಲ್ಲೊಂದು 1989ರಲ್ಲಿ ಅಟ್ಲಾಂಟಾದಲ್ಲಿ ಸ್ಥಾಪಿತವಾಯಿತು. ಅಮೆರಿಕದ ಹೋಟೆಲು ಮೋಟೆಲುಗಳಲ್ಲಿ ನೂರಕ್ಕೆ 60ರಷ್ಟು ಇಂದು ತನ್ನ ಸದಸ್ಯರ ಒಡೆತನದಲ್ಲಿವೆಯೆಂದು ಆ ಸಂಘ ಹೇಳಿಕೊಳ್ಳುತ್ತದೆ.

ನ್ಯೂ ಮೆಕ್ಸಿಕೋದ ಒಂದು ಊರಿನಲ್ಲಿ ನಾವು ತಂಗಿದ್ದ ಮೋಟೆಲಿನ ಯಜಮಾನಿಯು ಅಂಥವರಲ್ಲೊಬ್ಬಳು. ಕಛೇರಿಯ ಗಂಟೆಯನ್ನೊತ್ತಿದಾಗ, ಹಿಂದಿನ ಬಾಗಿಲಿನ ಪರದೆಯನ್ನು ಸರಿಸಿಕೊಂಡು, ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಆಕೆ ಬಂದಳು. ಜತೆಯಲ್ಲೇ ಸಾಸುವೆ ಇಂಗಿನ ಒಗ್ಗರಣೆಯ ಘಮವೂ ಬಂತು. ನನ್ನ ಹೆಂಡತಿಯು ತನಗೆ ಬರುವಷ್ಟು ಹಿಂದಿಯಲ್ಲಿ, ‘ಬೆಹನ್‌ಜೀ, ಕೊಠಡಿಯನ್ನು ಒಮ್ಮೆ ನೋಡಬಹುದೇ?’ ಎಂದಳು. ಆಕೆಯ ಮುಖದಲ್ಲಿ ಅಸಮಾಧಾನದ ಸುಳಿವೂ ಇರಲಿಲ್ಲ. ಬೀಗದ ಕೈಗಳ ಹಲಗೆಯಿಂದ ಒಂದನ್ನು ತೆಗೆದುಕೊಟ್ಟು, ನೋಡದೆ ಹಣ ಕೊಡುವವರನ್ನು ಕಂಡರೇ ತನಗೆ ಕಳವಳವೆಂದೂ, ಬೆಳಗ್ಗೆ ತಕರಾರು ತೆಗೆಯುವವರು ಅವರೇ ಎಂದೂ ಹೇಳಿದಳು.

ಆದ್ದರಿಂದ ಮೊದಲು ಕೊಠಡಿಯನ್ನು ನೋಡಿರಿ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ತೋರಿಸಲೊಲ್ಲೆವೆನ್ನುವವರ ಕಡೆ ತಂಗಕೂಡದು. ಬಾಗಿಲು ತೆರೆದ ಕ್ಷಣದಲ್ಲಿ ಮೂಗಿಗೆ ಬರುವುದೇ ಮೊದಲ ಸಾಕ್ಷಿ: ಸಿಗರೇಟಿನ ಹಳೆಯ ವಾಸನೆ ಪರದೆಗೂ ನೆಲಹಾಸಿಗೂ ಹತ್ತಿದ್ದರೆ ಎಷ್ಟು ಗಂಧ ಸಿಂಪಡಿಸಿದರೂ ಹೋಗುವುದಿಲ್ಲ. ಗಂಟುಮೂಟೆಗಳನ್ನು ಒಳಕ್ಕೆ ತರುವುದಕ್ಕೆ ಮುಂಚೆಯೇ ಹಾಸಿಗೆಯ ತಲೆದೆಸೆಯ ಮೂಲೆಯಲ್ಲಿ ಹೊದಿಕೆಯನ್ನು ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯ ಉದ್ದಕ್ಕೂ ಮೊಬೈಲಿನ ದೀಪ ಬಿಟ್ಟು ನೋಡಬೇಕು. ಶಾಯಿಯ ಚುಕ್ಕೆಗಳಂತೆ ಸಣ್ಣ ಕಪ್ಪು ಕಲೆಗಳು ಸಾಲಾಗಿ ಕಂಡರೆ ಅಲ್ಲಿ ತಿಗಣೆಯ ವಾಸ ಉಂಟೆಂದು ತಿಳಿಯತಕ್ಕದ್ದು. ಬಾಗಿಲಿನ ಒಳಗಡೆಯ ಬೋಲ್ಟು ಸರಿಯಾಗಿ ಬೀಳುವುದೇ, ಬಚ್ಚಲಿನಲ್ಲಿ ಬಿಸಿನೀರು ಬರುವುದೇ, ಕಿಟಕಿಯ ಕೆಳಗಿನ ಏಸಿ ಯಂತ್ರವನ್ನು ಹಾಕಿದರೆ ಅದರ ಸದ್ದಿನಲ್ಲಿ ನಿದ್ರೆ ಸಾಧ್ಯವೇ, ಇವೆಲ್ಲ ಎರಡು ನಿಮಿಷದಲ್ಲಿ ತಿಳಿಯುವ ಸಂಗತಿಗಳು. ಕಟ್ಟಡ ಹಳೆಯದೆಂಬುದನ್ನು ದೋಷವಾಗಿ ಎಣಿಸಬೇಕಾಗಿಲ್ಲ. ಬಚ್ಚಲಿನ ಹೆಂಚುಗಳು ಅರುವತ್ತು ವರ್ಷದ ಹಿಂದಿನವಾಗಿದ್ದು ನಡುವಣ ಗಾರೆ ಬೆಳ್ಳಗಿದ್ದರೆ, ಆ ಮನೆಯಲ್ಲಿ ದುಡಿಯುವವರಿದ್ದಾರೆಂದು ಅರ್ಥ.

ನೋಡಿದರೆ ತಿಳಿಯದ ವಿಷಯವೊಂದುಂಟು, ರೈಲು. ಪಶ್ಚಿಮದ ಈ ಊರುಗಳಲ್ಲಿ ಎಷ್ಟೋ ರೈಲುದಾರಿಯನ್ನು ಹಿಡಿದೇ ಹುಟ್ಟಿದವು; ಹಳೆಯ ಹೆದ್ದಾರಿಯೂ ಹಳಿಗಳ ಪಕ್ಕದಲ್ಲೇ ಸಾಗುತ್ತಿತ್ತು; ಆದಕಾರಣ ಅಗ್ಗದ ಮೋಟೆಲಿಗೂ ಹಳಿಗಳಿಗೂ ಅನೇಕ ವೇಳೆ ಕೂಗಳತೆಯ ಅಂತರ. ರಸ್ತೆಯನ್ನು ಅಡ್ಡಹಾಯುವ ಗೇಟುಗಳ ಬಳಿ ಸಾಮಾನ್ಯವಾಗಿ, ನಡುರಾತ್ರಿಯೇ ಆಗಲಿ, ಎಂಜಿನ್ನಿನವನು ಎರಡು ದೀರ್ಘ, ಒಂದು ಹ್ರಸ್ವ, ಮತ್ತೆ ಒಂದು ದೀರ್ಘವಾಗಿ ಸಿಳ್ಳು ಹಾಕಬೇಕೆಂದು ಅಲ್ಲಿನ ಕೇಂದ್ರ ಸರ್ಕಾರದ ನಿಯಮವಿದೆ. ಛಂದಸ್ಸನ್ನು ಬಲ್ಲವರು ಗುರು, ಗುರು, ಲಘು, ಗುರು ಎಂದು ಪ್ರಸ್ತಾರ ಹಾಕುತ್ತ ಎಚ್ಚರವಾಗಿರಬೇಕಾದೀತು. ಕೊಠಡಿ ಗೊತ್ತುಮಾಡುವ ಮೊದಲು ಮೊಬೈಲಿನ ನಕ್ಷೆಯನ್ನು ಹಿಗ್ಗಿಸಿ, ಹಳಿ ಎಲ್ಲಿದೆ, ಗೇಟು ಎಲ್ಲಿದೆ ಎಂದು ನೋಡಿಕೊಳ್ಳುವುದು ಉತ್ತಮ. ಹಳಿಯಿಂದ ಅರ್ಧ ಮೈಲಿ ಸರಿದರೆ ನಿದ್ರೆಗೆ ಎಷ್ಟೋ ಅನುಕೂಲ.

ಇನ್ನು ಬೆಲೆಯ ಮಾತು. ಮೋಟೆಲಿನ ಬಾಡಿಗೆಯು ದಿನದಿನಕ್ಕೂ ಬದಲಾಗತಕ್ಕದ್ದು. ಒಂದೇ ಕೊಠಡಿಗೆ ಮಂಗಳವಾರ 65 ಡಾಲರಿದ್ದರೆ ಶನಿವಾರ 95 ಇದ್ದೀತು. ಊರಿನಲ್ಲಿ ಕಾಲೇಜಿದ್ದು ಆ ವಾರಾಂತ್ಯ ಫುಟ್‌ಬಾಲ್ ಪಂದ್ಯವೋ ಮೇ ತಿಂಗಳ ಪದವಿಪ್ರದಾನವೋ ಇದ್ದರೆ, ಜಿಂಕೆಬೇಟೆಯ ಕಾಲವಾಗಿದ್ದರೆ, ಬೆಲೆ ಎರಡು ಮೂರು ಪಟ್ಟಾಗುತ್ತದೆ. ಆಗಸ್ಟಿನಲ್ಲಿ ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿನಲ್ಲಿ ಲಕ್ಷಾಂತರ ಮೋಟಾರುಸೈಕಲ್ಲಿನವರು ಕೂಡುವಾಗಲೂ, ಅಕ್ಟೋಬರಿನಲ್ಲಿ ಆಲ್ಬುಕರ್ಕಿಯ ಆಕಾಶಬುಟ್ಟಿಗಳ ಉತ್ಸವ ನಡೆಯುವಾಗಲೂ ಸುತ್ತಣ ಊರುಗಳಲ್ಲಿ ಅಗ್ಗದ ಕೊಠಡಿಯ ಆಸೆಯನ್ನೇ ಬಿಡಬೇಕು. ಹೊರಡುವ ತಾರೀಖನ್ನು ಎರಡು ದಿನ ಹಿಂದುಮುಂದು ಮಾಡುವುದರಿಂದ ಆಗುವ ಉಳಿತಾಯವು ಬೇರಾವ ಉಪಾಯದಿಂದಲೂ ಆಗಲಾರದು.

ಕೊಠಡಿ ಕಾಯ್ದಿರಿಸುವ ಆ್ಯಪ್‌ಗಳು ಊರಿನ ಬೆಲೆಗಳನ್ನು ತಿಳಿಯುವುದಕ್ಕೆ ಒಳ್ಳೆಯವು; ಆದರೆ ಅವು ಮೋಟೆಲಿನವರಿಂದ ಬಾಡಿಗೆಯ ಆರನೆಯ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ದಲ್ಲಾಳಿಯಾಗಿ ಪಡೆಯುತ್ತವಾದ್ದರಿಂದ, ಅಲ್ಲಿ ಕಂಡ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೇರವಾಗಿ ಮೋಟೆಲಿಗೇ ಫೋನು ಮಾಡಿ ಕೇಳಿದರೆ, ಯಜಮಾನನು ನಾಲ್ಕಾರು ಡಾಲರು ಇಳಿಸುವುದುಂಟು. ವೃದ್ಧರಿಗೆ ರಿಯಾಯಿತಿ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ. ಬಲವಂತದ ಶುಲ್ಕಗಳನ್ನು ಬಚ್ಚಿಟ್ಟು ಬೆಲೆ ಜಾಹೀರು ಮಾಡಕೂಡದೆಂಬ ನಿಯಮವು 2025ರ ಮೇ ತಿಂಗಳಿನಿಂದ ಜಾರಿಗೆ ಬಂದಿದೆಯಾದರೂ, ಸರ್ಕಾರಿ ತೆರಿಗೆಗಳಿಗೆ ಅದು ಅನ್ವಯಿಸುವುದಿಲ್ಲ. ರಾಜ್ಯದ್ದೂ ಊರಿನದೂ ಸೇರಿ ನೂರಕ್ಕೆ 10ರಿಂದ 15ರಷ್ಟು ಮೇಲೆ ಬೀಳುವುದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ಡೆಬಿಟ್ ಕಾರ್ಡನ್ನು ಕೊಟ್ಟರೆ ಡೆಪಾಸಿಟ್ಟಿನ ಹಣ ಕೆಲವು ದಿನ ಖಾತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರೆಡಿಟ್ ಕಾರ್ಡೇ ವಾಸಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸಣ್ಣ ಊರನ್ನು ನಂಬಿಕೊಂಡು ಹೋಗಬಾರದು. ರಾತ್ರಿ ಎಂಟೂವರೆಗೆ ಊರೇ ಬಾಗಿಲು ಹಾಕುವುದುಂಟು. ಫ್ರಿಜ್ಜೂ ಮೈಕ್ರೋವೇವೂ ಇರುವ ಕೊಠಡಿಯನ್ನೇ ಕೇಳಿ ಪಡೆದು, ಒಯ್ದ ಅನ್ನಕ್ಕೆ ಮೊಸರು ಕಲಸಿಕೊಂಡರೆ, ಇಲ್ಲವೆ ಅವಲಕ್ಕಿಗೆ ಚಟ್ನಿಪುಡಿ ಬೆರಸಿಕೊಂಡರೆ ರಾತ್ರಿಯು ಸುಖವಾಗಿ ಕಳೆಯುತ್ತದೆ. ಕೊಠಡಿಯಲ್ಲಿ ವಿದ್ಯುತ್ ಒಲೆ ಹಚ್ಚಿ ಒಗ್ಗರಣೆ ಹಾಕುವುದು ಮಾತ್ರ ಸರ್ವಥಾ ಕೂಡದು. ಹೊಗೆಗೆ ಎಚ್ಚರಿಕೆಯ ಗಂಟೆ ಬಡಿದುಕೊಂಡು ಸಾಲಿನವರೆಲ್ಲ ಅಂಗಳಕ್ಕೆ ಬರುವಂತಾಗುತ್ತದೆ, ದಂಡವನ್ನೂ ತೆರಬೇಕಾಗುತ್ತದೆ.

‘ವೀಕ್ಲಿ ರೇಟ್’ ಎಂಬ ಫಲಕವನ್ನು ಕೆಲವು ಮೋಟೆಲುಗಳ ಮುಂದೆ ಕಾಣಬಹುದು. ಮನೆ ಬಾಡಿಗೆಗೆ ಮುಂಗಡ ಹೊಂದಿಸಲಾರದ ಸಂಸಾರಗಳು, ಊರಿಂದೂರಿಗೆ ಕೂಲಿಗೆ ಹೋಗುವ ಗಂಡಸರು ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುತ್ತಾರೆ. ಬಾಗಿಲ ಮುಂದೆ ಮಕ್ಕಳ ಸೈಕಲ್ಲು, ಕಿಟಕಿಯಲ್ಲಿ ಒಣಗುವ ಬಟ್ಟೆ. ಅಂಥ ಮೋಟೆಲನ್ನು ಕಂಡ ಕೂಡಲೇ ಭಯಪಟ್ಟು ಹಿಂದಿರುಗುವ ನಮ್ಮವರನ್ನು ನಾನು ನೋಡಿದ್ದೇನೆ. ಅಂಗಳ ಸ್ವಚ್ಛವಾಗಿದ್ದು, ದೀಪಗಳೆಲ್ಲ ಉರಿಯುತ್ತಿದ್ದು, ಕಛೇರಿಯಲ್ಲಿ ಮನುಷ್ಯರಿದ್ದರೆ ಭಯಕ್ಕೆ ಕಾರಣವಿಲ್ಲ. ಅಲ್ಲಿರುವವರು ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವ ಬಡವರು, ರಾತ್ರಿ ಬೇಗ ಮಲಗುವವರು. ಸದ್ದು ಮಾಡದಿರುವ ಸೌಜನ್ಯವನ್ನು ನಾವೂ ಅವರಿಗೆ ತೋರಿಸತಕ್ಕದ್ದು. ಹೊರಡುವಾಗ ಹಾಸಿಗೆಯ ಪಕ್ಕದ ಮೇಜಿನ ಮೇಲೆ, ಕೊಠಡಿ ಗುಡಿಸುವವಳಿಗೆಂದು ಮೂರು ನಾಲ್ಕು ಡಾಲರು ಇಟ್ಟುಬರುವುದು ಅಲ್ಲಿನ ಮರ್ಯಾದೆ. ದೊಡ್ಡ ಹೋಟೆಲಿನಲ್ಲಿ ತಪ್ಪಿಸಿಕೊಂಡರೂ ಇಲ್ಲಿ ತಪ್ಪಿಸಬಾರದು.

ಊರಿನ ಎಲ್ಲ ಮೋಟೆಲುಗಳ ಮುಂದೂ ‘ನೋ ವೇಕೆನ್ಸಿ’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ, ಕಾರಿನಲ್ಲಿ ಕುಳಿತು ಮೊಬೈಲನ್ನು ತಡಕಾಡುವುದಕ್ಕಿಂತ ಯಾವುದಾದರೂ ಒಂದು ಕಛೇರಿಯೊಳಕ್ಕೆ ಹೋಗಿ ಕೇಳುವುದು ಮೇಲು. ಬರುವೆನೆಂದು ಹೇಳಿ ಬಾರದವರ ಕೊಠಡಿಯೊಂದು ರಾತ್ರಿ ಒಂಬತ್ತರ ಮೇಲೆ ಖಾಲಿಬೀಳುವುದುಂಟು. ಅದು ಯಜಮಾನರಿಗೆ ಮಾತ್ರ ಗೊತ್ತು. ಇಲ್ಲದಿದ್ದರೂ, ನಲವತ್ತು ಮೈಲಿ ಮುಂದಿನ ಊರಿನ ಮೋಟೆಲನ್ನು ಅವರ ಭಾವನೋ ಚಿಕ್ಕಪ್ಪನೋ ನಡೆಸುತ್ತಿರುವುದು ಅಪರೂಪವಲ್ಲ. ಒಂದು ಫೋನು ಮಾಡಿ, ವಯಸ್ಸಾದವರಿದ್ದಾರೆ, ನೆಲದ ಅಂತಸ್ತಿನದನ್ನೇ ಇಟ್ಟಿರು ಎಂದು ತಮ್ಮ ಭಾಷೆಯಲ್ಲಿ ಹೇಳಿ, ಹಾದಿಯನ್ನು ಚೀಟಿಯ ಮೇಲೆ ಬರೆದುಕೊಡುತ್ತಾರೆ.